ಕಸದ ಶೆಡ್ಡಿನ ಪುಸ್ತಕಕ್ಕೆ ಸಹಿ ಹಾಕುವವರು ಯಾರು?

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರು ಜಿಲ್ಲೆಯ ಪಟ್ಟಣವೊಂದರಲ್ಲಿ, ಕೆರೆ ಕಡೆಗೆ ಇಳಿಯುವ ಬೀದಿಯಲ್ಲಿ ಕೊನೆಯಿಂದ ಮೂರನೇ ಮನೆ ನಮ್ಮದು. ಕೊನೆಯ ಮನೆ ದಾಟಿದರೆ ಒಣ ಕಸ ಸಂಗ್ರಹಿಸುವ ಶೆಡ್ಡು, ಶೆಡ್ಡಿನ ಹಿಂದೆ ಕೆರೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬರೆದರೆ ಶೆಡ್ಡಿನಲ್ಲಿ ದುಡಿಯುವ ಮೂವರು ಹೆಂಗಸರಿಗೆ ಮಾರನೆಯ ದಿನವೇ ‘ಯಾರು ಹೇಳಿದ್ದು?’ ಎಂಬ ಪ್ರಶ್ನೆ ಬರುತ್ತದೆ. ಅವರು ನನ್ನ ಬಳಿ ಯಾವ ದೂರನ್ನೂ ಹೇಳಿಕೊಂಡಿಲ್ಲ. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಈ ಶೆಡ್ಡು ಆದಾಗ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನು. ಅದಕ್ಕೆ ಮೊದಲು ಆ ಜಾಗ ತಿಪ್ಪೆಯಾಗಿತ್ತು. ರಾತ್ರಿ ಸ್ಕೂಟರಿನಲ್ಲಿ ಬಂದು ಕವರ್ ಎಸೆದು ಹೋಗುವವರು, ಬೆಳಗಾಗುವಷ್ಟರಲ್ಲಿ ಅದನ್ನೆಲ್ಲ ಎಳೆದಾಡಿ ಹರಡುವ ನಾಯಿಗಳು, ಯಾರೋ ಕಡ್ಡಿ ಗೀರಿ ಹೊತ್ತಿಸಿದ ಪ್ಲಾಸ್ಟಿಕ್ಕಿನ ಹೊಗೆ. ಶೆಡ್ಡು ಬೇಡವೆಂದು ಅಕ್ಕಪಕ್ಕದವರು ಅರ್ಜಿ ಹಿಡಿದು ಬಂದಾಗ ನಾನು ಸಹಿ ಹಾಕಲಿಲ್ಲ. ಊರಿನ ಕಸವನ್ನು ಎಲ್ಲಾದರೂ ಒಂದು ಕಡೆ ಬೇರ್ಪಡಿಸಲೇಬೇಕಲ್ಲ, ಯಾವುದೋ ಹಳ್ಳಿಯವರ ತಲೆಯ ಮೇಲೆ ಸುರಿಯುವುದಕ್ಕಿಂತ ನಮ್ಮ ಕಣ್ಣೆದುರು ಇರುವುದೇ ಮೇಲು ಎಂದಿದ್ದೆ. ಈಗಲೂ ನನ್ನ ಮಾತು ಅದೇ. ಶೆಡ್ಡು ಎತ್ತಿಸಿ ಎಂದು ಕೇಳುವ ಪತ್ರ ಇದಲ್ಲ.

ಹೋದ ಆಷಾಢದಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿದಿತ್ತು. ಐದನೆಯ ದಿನ ಸ್ವಲ್ಪ ಹೊಳವಾದಾಗ ಹಳೆ ಪೇಪರಿನ ಕಟ್ಟು ಕೊಡಲು ಶೆಡ್ಡಿಗೆ ಹೋದೆ. ‘ಒಣ ಕಸ’ ಎಂದು ಬರೆದ ಗೋಡೆಯ ಕೆಳಗೆ ಹಸಿ, ಒಣ ಎಲ್ಲ ಒಂದಾದ ಮೂಟೆಗಳು ಎದೆಮಟ್ಟಕ್ಕೆ ಬಿದ್ದಿದ್ದವು. ಅವುಗಳ ಬುಡದಿಂದ ಡಿಕಾಕ್ಷನ್ ಬಣ್ಣದ ನೀರು ಜಿನುಗಿ, ಸಿಮೆಂಟು ನೆಲದ ಬಿರುಕು ಹಿಡಿದು ಸಾಗಿ, ಹಿಂಗೋಡೆಯ ಬುಡದಲ್ಲಿರುವ ತೂತಿನಿಂದ ಹೊರಗೆ ಹೋಗುತ್ತಿತ್ತು. ಸುತ್ತಿ ಹೋಗಿ ನೋಡಿದೆ. ಆ ತೂತಿನಿಂದ ಕೆರೆ ನೀರಿಗೆ 18 ಹೆಜ್ಜೆ, ಅದೂ ನನ್ನಂಥ ಮಂಡಿನೋವಿನವಳ ಹೆಜ್ಜೆ. ಜೊಂಡಿನ ಬುಡದಲ್ಲಿ ಬಣ್ಣ ಬಣ್ಣದ ಜಿಡ್ಡು ತೇಲುತ್ತಿತ್ತು.

ಮೂಟೆ ಬಿಚ್ಚುತ್ತಿದ್ದವಳ ಮಗ ನನ್ನ ಅಂಗನವಾಡಿಯಲ್ಲೇ ಅ, ಆ ತಿದ್ದಿದವನು. ಅವಳ ಒಂದು ಕೈಗೆ ಗ್ಲೌಸ್ ಇತ್ತು, ಇನ್ನೊಂದು ಕೈಗೆ ಹಾಲಿನ ಕವರ್ ಕಟ್ಟಿಕೊಂಡಿದ್ದಳು. ಜಾರಿ ಬಿದ್ದ ಚೀಲವೊಂದನ್ನು ಎತ್ತಿಕೊಡಲು ನಾನು ಬಗ್ಗಿದಾಗ ತಡೆದಳು. “ಮುಟ್ಟಬೇಡಿ ಟೀಚರ್, ಸಕ್ಕರೆ ಕಾಯಿಲೆ ಸೂಜಿ ಇರ್ತವೆ.”

ಆ ಮಾತು ನನಗೆ ನಾಟಿತು. ನಮ್ಮ ಯಜಮಾನರೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಷ್ಟು ವರ್ಷವೂ ಆ ಸೂಜಿಗಳನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಕ್ಕೇ ಹಾಕಿದವಳು ನಾನು. ಅಂದಿನಿಂದ ಉಪ್ಪಿನಕಾಯಿಯ ಹಳೆ ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿದಿಡುತ್ತಿದ್ದೇನೆ. ಬಾಟಲಿ ತುಂಬಿದೆ. ಆಟೋ ಟಿಪ್ಪರಿನವರನ್ನು ಕೇಳಿದರೆ ಅದನ್ನು ಎಲ್ಲಿಗೆ ಕೊಡಬೇಕೆಂದು ಅವರಿಗೂ ಗೊತ್ತಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಾಗಲೇ ಹಸಿ ಕಸ, ಒಣ ಕಸದ ಜೊತೆಗೆ ಮನೆಯ ಅಪಾಯಕಾರಿ ಕಸವನ್ನೂ ಬೇರೆಯಾಗಿ ತೆಗೆಯಬೇಕು ಎಂದಾಗಿತ್ತು. ಸೂಜಿ, ಬ್ಯಾಟರಿ ಸೆಲ್ಲು, ಕೆಟ್ಟ ಬಲ್ಬು ಎಲ್ಲ ಅದರಲ್ಲೇ ಬರುತ್ತವೆ. ಕಸ ಮುಟ್ಟುವವರಿಗೆ ಗ್ಲೌಸ್, ಮಾಸ್ಕ್, ಬೂಟು, ರೇನ್‌ಕೋಟು ಕೊಡಿಸುವ ಹೊಣೆಯನ್ನೂ ಅದೇ ನಿಯಮಗಳು ಹೇಳಿದ್ದವು. ಮಲೆನಾಡ ಸೆರಗಿನ ಈ ಊರಿನಲ್ಲಿ ರೇನ್‌ಕೋಟಿಲ್ಲದೆ ಆಷಾಢ ಕಳೆಯುವುದೆಂದರೆ ಏನೆಂದು ಯಾರಿಗೂ ವಿವರಿಸಬೇಕಿಲ್ಲ.

ನಾನು ಬರೆಯಬೇಕೆಂದಿದ್ದದ್ದು ಮುಖ್ಯವಾಗಿ ಒಂದು ಪುಸ್ತಕದ ವಿಷಯ. ಶೆಡ್ಡಿನ ಬಾಗಿಲ ಪಕ್ಕ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದಾರೆ, ರಟ್ಟಿನ ಮೇಲೆ ‘ತಪಾಸಣಾ ಪುಸ್ತಕ’ ಎಂದಿದೆ. ತೆರೆದು ನೋಡಿದೆ. ಉದ್ಘಾಟನೆಯಾದ ತಿಂಗಳು ನಾಲ್ಕು ಸಹಿ. ಮರುತಿಂಗಳು ಎರಡು. ಆಮೇಲೆ ಒಂದೇ ಒಂದು, ಅದರ ಹೆಸರೂ ಓದಲಾಗುವುದಿಲ್ಲ. ಮುಂದಿನ ಹಾಳೆಗಳೆಲ್ಲ ಖಾಲಿ, ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿವೆ.

ನಾನು 31 ವರ್ಷ ಅಂಗನವಾಡಿ ನಡೆಸಿದವಳು. ಹಾಜರಿ ಪುಸ್ತಕ, ತೂಕದ್ದು, ಚುಚ್ಚುಮದ್ದಿನದು, ಮನೆ ಭೇಟಿಯದು, ದಾಸ್ತಾನಿನದು, ಬರೆದು ಬರೆದು ಬೆರಳು ಜಡ್ಡುಗಟ್ಟಿದೆ. ನಮ್ಮ ಸೂಪರ್‌ವೈಸರ್ ಮೇಡಂ ಬಂದರೆ ಮೊದಲು ಪುಸ್ತಕ ಕೇಳುತ್ತಿರಲಿಲ್ಲ. ಡಬ್ಬದ ಮುಚ್ಚಳ ತೆಗೆದು ಹೆಸರುಕಾಳಿಗೆ ಕೈ ಹಾಕುತ್ತಿದ್ದರು, ಆಮೇಲೆ ಪುಸ್ತಕ. ಎರಡು ಮೊಟ್ಟೆ ಲೆಕ್ಕಕ್ಕೆ ಸಿಗದಿದ್ದರೆ ಕಾರಣ ಬರೆದುಕೊಡಬೇಕಿತ್ತು. ಆಗ ಸಿಟ್ಟು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬರು ಬರುತ್ತಾರೆ, ಡಬ್ಬ ತೆರೆಯುತ್ತಾರೆ ಎಂಬುದು ಗೊತ್ತಿದ್ದರಿಂದಲೇ ಕಾಳಿಗೆ ಹುಳ ಬೀಳದಂತೆ ಬಿಸಿಲಿಗೆ ಹಾಕುತ್ತಿದ್ದೆವು. ಇಪ್ಪತ್ತು ಮಕ್ಕಳ ಕಾಳಿಗೆ ಅಷ್ಟು ನಿಗಾ ಇತ್ತು. ಊರಿನ ಕಸ ಬಂದು ಬೀಳುವ, ಬೆನ್ನಿಗೇ ಕೆರೆ ಇರುವ ಜಾಗಕ್ಕೆ ಅದರ ಕಾಲು ಭಾಗವಾದರೂ ಬೇಡವೇ?

ಪುರಸಭೆ ಕಚೇರಿಗೆ ವಿಚಾರಿಸಲು ಹೋದೆ. ಒಂದು ಮೇಜಿನವರು ಶೆಡ್ಡು ಗುತ್ತಿಗೆದಾರರದ್ದು ಎಂದರು, ಇನ್ನೊಂದು ಮೇಜಿನವರು ಕೆರೆ ತಮ್ಮ ವ್ಯಾಪ್ತಿಯದ್ದೇ ಅಲ್ಲ ಎಂದರು. ಎರಡೂ ಮಾತು ಕಾಗದದ ಮೇಲೆ ನಿಜವೇ ಇರಬಹುದು. ಆದರೆ ಶೆಡ್ಡಿನ ನೀರಿಗೆ ವ್ಯಾಪ್ತಿ ತಿಳಿಯುವುದಿಲ್ಲ. ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಕರ್ತವ್ಯವನ್ನೂ ಗುತ್ತಿಗೆಗೆ ಕೊಟ್ಟಂತಾಗುವುದಿಲ್ಲ. ಊರಿನ ನೈರ್ಮಲ್ಯ ಪುರಸಭೆಯ ಕಡ್ಡಾಯ ಕರ್ತವ್ಯವೆಂದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಹೇಳುತ್ತದೆ. ವರ್ಷವರ್ಷ ಮನೆ ಕಂದಾಯದ ಜೊತೆ ಕಸದ ಶುಲ್ಕ ಕಟ್ಟಿದ ರಸೀದಿಗಳು ನನ್ನ ಟ್ರಂಕಿನಲ್ಲಿವೆ. ಕಸವನ್ನು ನೆಲದಲ್ಲಿ ಹೂಳುವ ಭೂಭರ್ತಿ ತಾಣ ಮಾಡುವುದಾದರೆ ಕೆರೆಯಿಂದ 200 ಮೀಟರ್, ನದಿಯಿಂದ 100 ಮೀಟರ್ ದೂರವಿರಬೇಕೆಂದು 2016ರ ನಿಯಮಗಳಲ್ಲೇ ಇತ್ತು. ನಮ್ಮದು ಭೂಭರ್ತಿಯಲ್ಲ, ಬರೀ ಶೆಡ್ಡು, ನಿಜ. ಆದರೆ ಬೇರ್ಪಡದ ಕಸ ವಾರಗಟ್ಟಲೆ ಕೊಳೆತರೆ ಅಲ್ಲಿಂದ ಇಳಿಯುವ ರಸ ಬೇರೆ ಜಾತಿಯದಲ್ಲ.

ದೊಡ್ಡ ನಗರಗಳಲ್ಲಾದರೆ ವಾರ್ಡ್ ಸಮಿತಿ ಎಂದೊಂದಿರುತ್ತದೆ. ಸಂವಿಧಾನದ 74ನೇ ತಿದ್ದುಪಡಿ ಅದನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಕಡೆ ಮಾತ್ರ. ನಮ್ಮಂಥ ಪಟ್ಟಣಗಳಿಗೆ ಆ ಕಡ್ಡಾಯವಿಲ್ಲ. ಹಾಗಾಗಿ ಇಲ್ಲಿ ಕಣ್ಣಿಡಬೇಕಾದವರು ನಾವು ಆರಿಸಿ ಕಳಿಸಿದ ಸದಸ್ಯರೇ.

ಮಗಳನ್ನು ಉಡುಪಿ ಕಡೆಗೆ ಕೊಟ್ಟಿದ್ದೇವೆ. ಹೋದ ಸಲ ಹೋದಾಗ ಮೊಮ್ಮಕ್ಕಳು ಪಡುಬಿದ್ರಿ ಕಡಲತೀರಕ್ಕೆ ಕರೆದುಕೊಂಡು ಹೋದರು. ಅದಕ್ಕೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಅದಕ್ಕೆ 33 ಮಾನದಂಡಗಳಿವೆ, ಸ್ನಾನದ ನೀರು ಎಷ್ಟು ಶುದ್ಧವಿದೆ ಎಂದು ಜನರಿಗೆ ಕಾಣುವಂತೆ ಹಾಕುವುದೂ ಅವುಗಳಲ್ಲಿ ಒಂದು. ಮಕ್ಕಳು ಅಲೆಯಲ್ಲಿ ಕುಣಿಯುತ್ತಿದ್ದರೆ ನನ್ನ ಮನಸ್ಸೆಲ್ಲ ನಮ್ಮ ಕೆರೆ ದಂಡೆಯ ಮೇಲಿತ್ತು. ನಮಗೆ ಕಡಲಿಲ್ಲ. ಸಂಜೆ ವಯಸ್ಸಾದವರು ಕೂರುವುದು, ಹುಡುಗರು ಗಾಳ ಹಾಕುವುದು, ಬೇಸಿಗೆಯಲ್ಲಿ ದನ ಮೈ ತೊಳೆಸುವುದು ಎಲ್ಲ ಆ ದಂಡೆಯಲ್ಲೇ. ವೇದಾ ನದಿಯ ನೀರಿಗೆ ಅಯ್ಯನಕೆರೆ, ಆವತಿಯ ನೀರಿಗೆ ಮದಗದ ಕೆರೆ ಕಟ್ಟಿಸಿಕೊಂಡ ಜಿಲ್ಲೆ ನಮ್ಮದು. ಇಲ್ಲಿ ಕೆರೆಯ ಬೆಲೆ ಯಾರೂ ಕಲಿಸಿಕೊಡಬೇಕಿಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ. ತಿಂಗಳಿಗೊಮ್ಮೆ ಇಬ್ಬರಾದರೂ ಶೆಡ್ಡಿಗೆ ಬನ್ನಿ. ಮುಂಚೆ ತಿಳಿಸದೆ ಬನ್ನಿ, ಮಳೆಗಾಲದಲ್ಲಿ ತಪ್ಪದೆ ಬನ್ನಿ. ಹಿಂಗೋಡೆಯ ತನಕ ನಡೆಯಿರಿ. ಕಂಡದ್ದನ್ನು ಬರೆದು, ಅದನ್ನು ಸಾಮಾನ್ಯ ಸಭೆಯಲ್ಲಿ ಓದಿಸಿ. ಆ ತೂತು ಮುಚ್ಚಿ ಒಂದು ಇಂಗುಗುಂಡಿಯಲ್ಲ, ರಸ ಹಿಡಿದಿಡುವ ಗಟ್ಟಿ ತೊಟ್ಟಿ ಕಟ್ಟಿಸಿ. ಕೆರೆ ನೀರನ್ನು ಪರೀಕ್ಷೆ ಮಾಡಿಸಿ, ಬಂದ ಫಲಿತಾಂಶವನ್ನು ದಂಡೆಯ ಮೇಲೆ ಕನ್ನಡದಲ್ಲಿ ಬರೆಸಿ.

ಶೆಡ್ಡು ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ಅಂಟಿಕೊಂಡ ಹಾಳೆಗಳ ಪುಸ್ತಕದ ಬದಲು ಹೊಸದೊಂದನ್ನು ನಾನೇ ತಂದಿಟ್ಟಿದ್ದೇನೆ. ಸ್ಕೇಲು ಹಿಡಿದು ಗೆರೆ ಎಳೆದು ಕಾಲಂ ಹಾಕಿದ್ದೇನೆ: ದಿನಾಂಕ, ಬಂದ ಹೊತ್ತು, ಕಂಡದ್ದು, ಸಹಿ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಚಿಕ್ಕಮಗಳೂರು ಜಿಲ್ಲೆ