ಸಭಾಕಂಪನ ಮತ್ತು ಭಾಷಣ ಕೂಟ

ಮಾನ್ಯ ಸಂಪಾದಕರೇ,

ವೇದಿಕೆ ಏರಿದೊಡನೆ ನಾಲಿಗೆ ಒಣಗಿಸುವ ಸಭಾಕಂಪನವನ್ನು ಹುಟ್ಟುಗುಣವೆಂದೇ ನಂಬಿದ್ದ ನಾನು, ಟೋಸ್ಟ್‌ಮಾಸ್ಟರ್ಸ್ ಮಾದರಿಯ ಭಾಷಣ ಕೂಟ ಸೇರಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡೆ. 1924ರಲ್ಲಿ ಅಮೆರಿಕದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಉಪನ್ಯಾಸಕರಿಲ್ಲ. ಸದಸ್ಯರೇ ಸರದಿಯಂತೆ ಮಾತನಾಡಿ, ಪರಸ್ಪರ ವಿಮರ್ಶಿಸುತ್ತಾರೆ. 5ರಿಂದ 7 ನಿಮಿಷಗಳ ಸಿದ್ಧ ಭಾಷಣಕ್ಕಿಂತ, ಸ್ಥಳದಲ್ಲೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತನಾಡಬೇಕಾದ ಸುತ್ತೇ ನನ್ನ ಅಳುಕನ್ನು ಹೆಚ್ಚು ಕರಗಿಸಿತು, ಏಕೆಂದರೆ ಅಲ್ಲಿ ಬಾಯಿಪಾಠದ ಆಸರೆಯಿಲ್ಲ, ತಡವರಿಸಿದರೆ ನಗುವವರೂ ಇಲ್ಲ. (ನನ್ನ ‘ಆಂ’, ‘ಊಂ’ಗಳನ್ನು ಎಣಿಸಲೆಂದೇ ಒಬ್ಬರಿದ್ದರು, ಮೊದಲ ದಿನದ ಲೆಕ್ಕ ಹೇಳಲಾರೆ.) ಎದೆಬಡಿತ ಈಗಲೂ ಏರುತ್ತದೆ, ಆದರೆ ಮಾತು ನಿಲ್ಲುವುದಿಲ್ಲ. ಶಾಲಾ ಕಾಲೇಜುಗಳು ಸ್ಪರ್ಧೆಗಳ ಹೆಸರಿನಲ್ಲಿ ಚುರುಕು ಮಾತಿನ ನಾಲ್ವರನ್ನೇ ಮತ್ತೆ ಮತ್ತೆ ವೇದಿಕೆ ಹತ್ತಿಸುವ ಬದಲು, ಅಂಜುವವರಿಗೂ ಸರದಿ ಸಿಗುವ ಇಂಥ ಕೂಟಗಳನ್ನು ನಡೆಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ