ನೀನು ಕಳಿಸಿದ ದುಡ್ಡಿನ ಲೆಕ್ಕ

ಪ್ರೀತಿಯ ಮಗಳಿಗೆ,

ಅವ್ವನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ಕಾಲಿಗೆ ಬಾವು ಬಂದಿದೆ ಅಂದಿದ್ದೆಯಲ್ಲ, ಈಗ ಹೇಗಿದೆ? ಡಾಕ್ಟರಿಗೆ ತೋರಿಸಿ ಬಿಪಿ ನೋಡಿಸು. ಫೋನಿನಲ್ಲಿ ಅದೂ ಇದೂ ಓದಿಕೊಂಡು ಸುಮ್ನೆ ಕೂರಬೇಡ.

ಇದನ್ನೆಲ್ಲ ಫೋನಿನಲ್ಲಿ ಹೇಳೋಣ ಅಂದರೆ ಆಗುವುದಿಲ್ಲ. ನಾನು ಎರಡು ಮಾತು ಆಡುವಷ್ಟರಲ್ಲಿ ನಿಮ್ಮಪ್ಪ ಕಿತ್ತುಕೊಂಡು ತಮ್ಮ ಪುರಾಣ ಶುರು ಮಾಡುತ್ತಾರೆ. ಅದಕ್ಕೇ ನಿನ್ನ ಹಳೆ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದು ಬರೆಯುತ್ತಿದ್ದೇನೆ. ಹಿಂದಿನ ಪುಟದಲ್ಲಿ ನಿನ್ನ ಹತ್ತನೇ ಕ್ಲಾಸಿನ ಗಣಿತ ಇದೆ. ಒಂದು ಲೆಕ್ಕವೂ ಸರಿ ಇಲ್ಲ.

ನೀನು ಹೆರಿಗೆಗೆ ಇಲ್ಲಿಗೆ ಬರುವುದರೊಳಗೆ ಹೊಸ ಕೂಲರ್ ತಗೊಳ್ಳಿ, ಹೊಸ ತೊಟ್ಟಿಲು ತಗೊಳ್ಳಿ ಅಂತ ನೀನೂ ಅಳಿಯಂದಿರೂ 15,000 ರೂಪಾಯಿ ಕಳಿಸಿದಿರಿ. ತಿಂಗಳಾಗುತ್ತ ಬಂತು. ಹೊಸ ಕೂಲರೂ ಬಂದಿಲ್ಲ, ಹೊಸ ತೊಟ್ಟಿಲೂ ಬಂದಿಲ್ಲ. ನೀನು ಕೇಳಿಲ್ಲ, ಆದರೂ ಲೆಕ್ಕ ಒಪ್ಪಿಸಬೇಕಲ್ಲ.

ದುಡ್ಡು ಜೇಬಿಗಿಟ್ಟುಕೊಂಡು ನಿಮ್ಮಪ್ಪ ಕೊಪ್ಪಳಕ್ಕೆ ಹೋಗಿದ್ದು ನಿಜ. ಅಂಗಡಿಯಲ್ಲಿ ಮೂರು ನಾಲ್ಕು ಕೂಲರಿನ ಬೆಲೆ ಕೇಳಿದ್ದೂ ನಿಜವಂತೆ. ಸಂಜೆ ಬಂದದ್ದು ಮಾತ್ರ ಗುಜರಿ ಅಂಗಡಿಯಿಂದ, ಟಂಟಂ ಮೇಲೆ ಒಂದು ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್ ಹೇರಿಕೊಂಡು. ಅದರೊಳಗೆ ತುಕ್ಕು ಹಿಡಿದ ಎಕ್ಸಾಸ್ಟ್ ಫ್ಯಾನು. ನಾನು ಬಾಗಿಲಲ್ಲೇ ನಿಲ್ಲಿಸಿ ಒಂದೇ ಮಾತು ಕೇಳಿದೆ. "ಇದರಾಗ ಮೊದಲ ಏನಿತ್ತು?" ಬೆಳೆಗೆ ಹೊಡೆಯುವ ಔಷಧಿ ಇದ್ದಿದ್ದರೆ ಆ ಡ್ರಮ್ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಮಿಡಿಸೌತೆಯನ್ನು ಉಪ್ಪುನೀರಿನಲ್ಲಿ ಹಾಕಿ ಹೊರದೇಶಕ್ಕೆ ಕಳಿಸುತ್ತಾರಲ್ಲ, ಅದಕ್ಕೆ ಬಳಸಿದ್ದಂತೆ. ಬೂದಿ ಹಾಕಿ ತಿಕ್ಕಿದೆ, ಬೇವಿನ ಸೊಪ್ಪು ಕುದಿಸಿದ ನೀರು ಹಾಕಿದೆ, ನಾಲ್ಕು ದಿನ ಬಿಸಿಲಿಗೆ ಇಟ್ಟೆ. ಆದರೂ ಮೊದಲ ಸಲ ಫ್ಯಾನ್ ತಿರುಗಿದಾಗ ಮನೆಯೆಲ್ಲ ಉಪ್ಪಿನಕಾಯಿ ಭರಣಿ ಆಗಿತ್ತು.

ಫ್ಯಾನಿನ ವೈಂಡಿಂಗ್ ಸುಟ್ಟಿತ್ತು. ಇದನ್ನು ಯಾಕೆ ತಂದಿರಿ ಅಂದರೆ ನಿಮ್ಮಪ್ಪ ಡ್ಯಾಮಿನ ಕಥೆ ತೆಗೆದರು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಹರಿದು ಕೊಚ್ಚಿಕೊಂಡು ಹೋಯಿತಲ್ಲ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ಅಡ್ಡಹಲಗೆ ಇಳಿಸಿ ನೀರು ನಿಲ್ಲಿಸಿದರು. "ಅದನ್ನ ರಿಪೇರಿ ಮಾಡ್ಯಾರ, ಇದೊಂದು ಫ್ಯಾನ್ ಆಗಂಗಿಲ್ಲೇನು?" ಅವತ್ತಿನಿಂದ ಮನೆಯಲ್ಲಿ ಏನು ಕೆಟ್ಟರೂ ಇದೇ ಮಾತು. ಮಿಕ್ಸಿ ಕೆಟ್ಟರೂ ಡ್ಯಾಮ್, ಚಪ್ಪಲಿ ಹರಿದರೂ ಡ್ಯಾಮ್.

ಸರಿ, ಡ್ರಮ್ಮಿಗೆ ಬರುತ್ತೇನೆ. ಮುಂದೆ ಫ್ಯಾನಿನ ಅಳತೆಗೆ ದುಂಡಗೆ ಕೊರೆದರು. ಉಳಿದ ಮೂರು ಕಡೆ ಕಿಟಕಿಯ ಹಾಗೆ ಕೊರೆದು, ಜಾಳಿಗೆ ಕಟ್ಟಿ, ಕೂಲರಿಗೆ ಹಾಕುವ ಹುಲ್ಲು ತುಂಬಿದರು. ತಳದಲ್ಲಿ ನೀರು. ನೀರಿನಲ್ಲಿ ಅಂಗೈಯಷ್ಟು ಪುಟ್ಟ ಪಂಪು. ಅದು ನೀರನ್ನು ಮೇಲಕ್ಕೆತ್ತಿ ತೂತು ಕೊರೆದ ಪೈಪಿನಿಂದ ಹುಲ್ಲಿನ ಮೇಲೆ ಹನಿಸುತ್ತದೆ. ಫ್ಯಾನು ಹೊರಗಿನ ಗಾಳಿಯನ್ನು ಒದ್ದೆ ಹುಲ್ಲಿನ ಮೂಲಕ ಎಳೆದು ಒಳಗೆ ಬಿಡುತ್ತದೆ. ನಮ್ಮ ಮಣ್ಣಿನ ಹರವಿಯದೂ ಇದೇ ಆಟ ಅಲ್ವಾ? ನೀರು ಹೊರಗೆ ಒಸರಿ ಆರುತ್ತದೆ, ಆರುವಾಗ ಒಳಗಿನ ಬಿಸಿ ಎಳೆದುಕೊಂಡು ಹೋಗುತ್ತದೆ. ನಮ್ಮ ಕಡೆ ಗಾಳಿ ಒಣಕಲು, ಅದಕ್ಕೇ ನಡೆಯುತ್ತದೆ. ಮಂಗಳೂರಿನಲ್ಲಿ ನಿಮ್ಮ ಚಿಗವ್ವ ಕೂಲರ್ ತಗೊಂಡು ಬೈದುಕೊಂಡಳಲ್ಲ, ಅಲ್ಲಿ ಗಾಳಿಯೇ ಒದ್ದೆ, ನೀರು ಆರುವುದು ಎಲ್ಲಿಂದ?

ಮೊದಲ ರಾತ್ರಿ ನಮ್ಮದೂ ಮಂಗಳೂರೇ ಆಯಿತು ಅನ್ನು. ಡ್ರಮ್ಮನ್ನು ಪಡಸಾಲೆಯ ನಡುವೆ ಇಟ್ಟು, ತಂಪು ಹೊರಗೆ ಹೋದೀತು ಅಂತ ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಹೆಮ್ಮೆಯಿಂದ ಮಲಗಿದರು. ನಡುರಾತ್ರಿ ಎದ್ದರೆ ಮೈಯೆಲ್ಲ ಅಂಟು. ಉಪ್ಪಿನ ಡಬ್ಬಿಯಲ್ಲಿ ನೀರು ಒಡೆದಿತ್ತು. ವಾರಗಟ್ಟಲೆ ಒಣಗಿಸಿದ್ದ ಹಪ್ಪಳ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಬೈಯಲಿಲ್ಲ. ಹಪ್ಪಳದ ಡಬ್ಬಿ ತಂದು ಅವರ ತಲೆದಿಂಬಿನ ಪಕ್ಕ ಇಟ್ಟೆ, ಅಷ್ಟೇ.

ಬೆಳಿಗ್ಗೆ ಓಣಿಯ ಎಲೆಕ್ಟ್ರಿಷಿಯನ್ ಹುಡುಗ ಬಂದು ನಕ್ಕ. ಡ್ರಮ್ಮು ಕಿಟಕಿಗೆ ತಾಗಿ ಹೊರಗಿನ ಗಾಳಿ ಎಳೆಯಬೇಕು. ಎದುರಿನ ಬಾಗಿಲು ಒಂದು ಗೇಣು ತೆರೆದಿರಬೇಕು, ಒಳಗಿನ ಒದ್ದೆ ಗಾಳಿಗೆ ಹೋಗಲು ದಾರಿ ಬೇಕು. ಇನ್ನೊಂದು ಮಾತೂ ಹೇಳಿದ. ಡ್ರಮ್ಮು ಪ್ಲಾಸ್ಟಿಕ್, ಫ್ಯಾನಿನ ಚೌಕಟ್ಟು ಕಬ್ಬಿಣ, ಪಕ್ಕದಲ್ಲೇ ನೀರು. ನಿಮ್ಮಪ್ಪ ಎರಡು ಪಿನ್ನಿನ ಪ್ಲಗ್ ಹಾಕಿದ್ದರು. ಹುಡುಗ ಅದನ್ನು ಕಿತ್ತು ಬಿಸಾಡಿ, ಮೂರು ಪಿನ್ನಿನದು ಹಾಕಿ, ಚೌಕಟ್ಟಿಗೆ ಅರ್ಥಿಂಗ್ ಕೊಟ್ಟ. ಈ ಒಂದು ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಬಾಣಂತಿ ಕೋಣೆಯಲ್ಲಿ ಕರೆಂಟ್ ಹೊಡೆಸುತ್ತಿದ್ದರು. ಅವತ್ತು ಡ್ಯಾಮಿನ ಕಥೆ ಬರಲಿಲ್ಲ.

ಈಗ ಮಧ್ಯಾಹ್ನ ಹೊರಗೆ 40 ಡಿಗ್ರಿ ಇದ್ದರೂ ಒಳಗೆ ಕಣ್ಣು ಮುಚ್ಚುವಷ್ಟು ತಂಪು. ನಮ್ಮ ಬೋರಿನ ನೀರು ಗಡಸು, ಹುಲ್ಲಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ತೊಳೆಯುತ್ತೇನೆ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತವೆ.

ಲೆಕ್ಕ ಬರೆದುಕೋ. ಡ್ರಮ್ಮು 450. ಫ್ಯಾನು, ವೈಂಡಿಂಗ್ ಸೇರಿ 600. ಪಂಪು ಹೊಸದು, 280. ಹುಲ್ಲು 180. ಪೈಪು, ವೈರು, ಪ್ಲಗ್ಗು 230. ಒಟ್ಟು 1,740. ಹುಡುಗ ಕೂಲಿ ಬೇಡ ಅಂದ, ಎರಡು ಪ್ಲೇಟು ಒಗ್ಗರಣೆ ಮಿರ್ಚಿ ತಿಂದು ಹೋದ.

ಇನ್ನು ಓಣಿಯವರ ಮಾತು. ಕೂಲರ್ ಸುದ್ದಿ ಕೇಳಿ ಮೂರು ಜನ ಬಂದು ಹೋದರು. "ಬಾಣಂತಿಗೆ ಕೂಲರ್ರ? ಥಂಡಿ ಹತ್ತಿದರ ಏನ್ ಮಾಡ್ತಿ?" ಕಿವಿಗೆ ಹತ್ತಿ ಇಡಬೇಕು, ತಲೆಗೆ ಬಟ್ಟೆ ಕಟ್ಟಬೇಕು, ಹೊರಸಿನ ಕೆಳಗೆ ಕೆಂಡ ಇಡಬೇಕು. ಎಲ್ಲ ನನಗೂ ಗೊತ್ತು. ನಿನ್ನನ್ನು ಹೆತ್ತಿದ್ದು 1997ರ ಮೇ ತಿಂಗಳಲ್ಲಿ. ಆಗ ನಾವಿನ್ನೂ ರಾಯಚೂರು ಜಿಲ್ಲೆ. ನೀನು ಹುಟ್ಟಿದ್ದು ರಾಯಚೂರು ಜಿಲ್ಲೆಯಲ್ಲಿ, ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದಾಗಲೇ ಕೊಪ್ಪಳ ಜಿಲ್ಲೆಯವಳಾದೆ. ಆ ಬಿಸಿಲಲ್ಲಿ ಕಿಟಕಿ ಮುಚ್ಚಿ, ಕೆಳಗೆ ಕೆಂಡ ಇಟ್ಟು, ಕಿವಿ ಕಟ್ಟಿ ನನ್ನನ್ನು ಮಲಗಿಸಿದ್ದರು. ನಿನ್ನ ಕತ್ತಿನ ತುಂಬ ಬೆವರುಸಾಲೆ. ನೀನು ಅಳುತ್ತಿದ್ದೆ, ನಾನೂ ಅಳುತ್ತಿದ್ದೆ. ಒಂದು ರಾತ್ರಿ ನಿಮ್ಮಪ್ಪ ಯಾರಿಗೂ ಕಾಣದ ಹಾಗೆ ಬಂದು, ಗೋಣಿಚೀಲ ನೀರಲ್ಲಿ ಅದ್ದಿ ಕಿಟಕಿಗೆ ಕಟ್ಟಿ ಹೋದರು. ಬೆಳಗಾಗುವ ಮೊದಲೇ ಬಂದು ಬಿಚ್ಚಿಕೊಂಡು ಹೋದರು. ಹನ್ನೊಂದು ರಾತ್ರಿ ಹಾಗೇ ಮಾಡಿದರು. ನಿಮ್ಮಜ್ಜಿಗೆ ಗೊತ್ತಾಗಲೇ ಇಲ್ಲ, ಅಥವಾ ಗೊತ್ತಿದ್ದೂ ಸುಮ್ಮನಿದ್ದರೋ ಏನೋ.

ಓಣಿಯವರಿಗೆ ಇಷ್ಟೆಲ್ಲ ಹೇಳಲಿಲ್ಲ. ಚಹಾ ಕೊಟ್ಟು ಕಳಿಸಿದೆ. ಕೂಲರಿನ ಗಾಳಿ ನೇರ ಕೂಸಿನ ಮೇಲೆ ಬೀಳುವುದಿಲ್ಲ, ಗೋಡೆಗೆ ಬಡಿದು ತಿರುಗುವ ಹಾಗೆ ಇಟ್ಟಿದ್ದೇವೆ. ಹೊಗೆ ಮಾತ್ರ ಆ ಕೋಣೆಯೊಳಗೆ ಬರುವ ಹಾಗಿಲ್ಲ. ಅಂಟಿನುಂಡೆ ತಿನ್ನಿಸುತ್ತೇನೆ, ಎಣ್ಣೆ ಹಚ್ಚಿ ನೀರೂ ಎರೆಯುತ್ತೇನೆ. ಕೆಂಡದ ವಿಷಯ ಎತ್ತಬೇಡ.

ತೊಟ್ಟಿಲಿನ ಕಥೆ ಇದಕ್ಕಿಂತ ಚಿಕ್ಕದು. ನಿನ್ನದೇ ತೊಟ್ಟಿಲು, ಅಟ್ಟದಲ್ಲಿತ್ತು. ಒಂದು ಕಾಲು ಸಡಿಲ, ಪಟ್ಟಿಯಲ್ಲಿ ಎರಡು ಬಿರುಕು. ಮೇಲೆ ತೂಗುಹಾಕಿದ್ದ ಕಿನ್ನಾಳದ ಗಿಳಿಯ ಕೊಕ್ಕು ಇಲ್ಲ, ನೀನೇ ಕಡಿದು ಮುರಿದಿದ್ದೆ. ನಿಮ್ಮಪ್ಪ ಗಿಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕಿನ್ನಾಳಕ್ಕೇ ಹೋದರು. ಅಲ್ಲಿಯವರು ಹುಣಸೆ ಬೀಜದ ಅಂಟಿನಲ್ಲಿ ಕಟ್ಟಿಗೆ ಹೊಟ್ಟು, ಸೆಣಬಿನ ಚಿಂದಿಯ ಪುಡಿ ಕಲಸಿ ಕಿಟ್ಟ ಅಂತ ಮಾಡುತ್ತಾರೆ, ಗೊಂಬೆಯ ಕೈಕಾಲು ಕೂಡಿಸುವುದು ಅದರಲ್ಲೇ. ಅಲ್ಲಿಯ ಹಿರಿಯರೊಬ್ಬರು ದುಡ್ಡು ತಗೊಳ್ಳದೆ ಕೊಕ್ಕು ಕೂಡಿಸಿ, ಮಾಡುವ ಬಗೆಯನ್ನೂ ಹೇಳಿ ಕಳಿಸಿದರು.

ಹುಣಸೆ ಬೀಜಕ್ಕೆ ನಮ್ಮ ಮನೆಯಲ್ಲಿ ಬರವೇ? ಹುರಿದು, ನೆನೆಸಿ, ಕೆಂಪು ಸಿಪ್ಪೆ ತೆಗೆದು, ಬಿಳಿ ಪಪ್ಪನ್ನು ಒರಳಲ್ಲಿ ರುಬ್ಬಿದೆ. ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿದರೆ ಗಂಜಿಯ ಹಾಗೆ ದಪ್ಪಗಾಗುತ್ತದೆ. ಕೈ ಬಿಟ್ಟೆಯೋ, ತಳ ಹಿಡಿಯುತ್ತದೆ. ಅದಕ್ಕೆ ಸಾಮಿಲ್ಲಿನ ಹೊಟ್ಟು ಜರಡಿ ಹಿಡಿದು ಹಾಕಿ, ರೊಟ್ಟಿ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸಿ ಬಿರುಕಿಗೆ ತುಂಬಿದೆವು. ಮೂರು ದಿನ ನೆರಳಲ್ಲಿ ಒಣಗಿದ ಮೇಲೆ ಮರಳುಕಾಗದ ಹಾಕಿ ತಿಕ್ಕಿದರೆ ಕಲ್ಲಿನ ಹಾಗೆ ನಿಂತಿದೆ. ಬೆರಳಾಡಿಸಿದರೆ ಬಿರುಕು ಎಲ್ಲಿತ್ತು ಅಂತಲೇ ಸಿಗುವುದಿಲ್ಲ. ಸಡಿಲ ಕಾಲನ್ನು ಮಾತ್ರ ಇದಕ್ಕೆ ನಂಬಲಿಲ್ಲ, ಬಡಿಗನ ಹತ್ತಿರ ಒಯ್ದು ಹೊಸ ಕೀಲು ಹಾಕಿಸಿದೆ, 200 ರೂಪಾಯಿ. ನಿಮ್ಮಪ್ಪ ಗಿಳಿಗೆ ಆಯಿಲ್ ಪೇಂಟ್ ಹಚ್ಚುತ್ತೇನೆ ಅಂದರು. ನಾನು ಬೇಡ ಅಂದೆ. ತಾಯಿ ಕಡಿದದ್ದನ್ನು ಕೂಸೂ ಕಡಿದೀತು. ಹಾಗಾಗಿ ನಮ್ಮ ಗಿಳಿಗೆ ಈಗ ಮೈ ಹಸಿರು, ಕೊಕ್ಕು ಮಾತ್ರ ಮಣ್ಣಿನ ಬಣ್ಣ.

ನೀರು ಕಾಯಿಸಲು ನಿಮ್ಮಪ್ಪ ಪೇಂಟಿನ ಡಬ್ಬಿಯಲ್ಲಿ ಒಂದು ಹೊಟ್ಟಿನ ಒಲೆ ಮಾಡಿದ್ದಾರೆ, ಹಿತ್ತಲಲ್ಲಿ. ನಡುವೆ ಬಾಟಲಿ ನಿಲ್ಲಿಸಿ ಸುತ್ತ ಹೊಟ್ಟು ಗಟ್ಟಿಯಾಗಿ ತುಳಿದು, ಬಾಟಲಿ ಎಳೆದು, ಕೆಳಗಿನ ತೂತಿನಿಂದ ಉರಿ ಹಚ್ಚುವುದು. ಒಂದು ಹಂಡೆ ನೀರು ಕಾಯುತ್ತದೆ. ಸಡಿಲ ತುಂಬಿದರೆ ಕುಸಿದು ಆರಿ ಹೋಗುತ್ತದೆ, ಎರಡು ಸಲ ಹಾಗೇ ಆಯಿತು. ಅದರ ಬಗ್ಗೆ ಅವರೇ ಹೇಳುತ್ತಾರೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕೌದಿ ಮಾತ್ರ ನನ್ನದು. ನಿಮ್ಮಜ್ಜಿಯ ಎರಡು ನೂಲಿನ ಸೀರೆ, ನಿಮ್ಮಪ್ಪನ ಹಳೆ ಧೋತರ. ನೂರಾರು ಸಲ ಒಗೆದ ಬಟ್ಟೆಯಷ್ಟು ಮೆತ್ತಗೆ ಹೊಸ ಬಟ್ಟೆ ಇರುವುದಿಲ್ಲ. ಕುದಿಯುವ ನೀರಲ್ಲಿ ಹಾಕಿ, ಒಣಗಿಸಿ, ಪದರ ಪದರ ಹಾಸಿ, ಅಂಚಿನಿಂದ ಸುತ್ತುತ್ತ ನಡುವಿಗೆ ಹೊಲಿಯುತ್ತ ಬರುತ್ತಿದ್ದೇನೆ. ದಿನಕ್ಕೆ ನಾಲ್ಕು ಸುತ್ತು, ಕನ್ನಡಕ ಹಾಕಿಕೊಂಡು. ಮೂಲೆಗೆ ನಿನ್ನ ಶಾಲೆಯ ನೀಲಿ ಲಂಗದ ತುಂಡು ಹಾಕಿದ್ದೇನೆ. ಅದರ ಮೇಲೆ ಶಾಯಿ ಕಲೆ ಇನ್ನೂ ಇದೆ, ಏನು ಮಾಡಿದರೂ ಹೋಗಲಿಲ್ಲ. ಕೌದಿ ಹಸಿದಿರಬಾರದು ಅಂತ ನಿಮ್ಮಜ್ಜಿ ಕೊನೆಯ ತೇಪೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದರು. ನಾನೂ ಇಡುತ್ತೇನೆ. ಇರುವೆ ಬರುತ್ತವೆ ಅಂತ ಕಾಳಿನಷ್ಟೇ ಇಡುತ್ತೇನೆ.

ಹೊರಸಿಗೆ ಹೊಸ ಹಗ್ಗ ಹಾಕಿಸಿದ್ದು 350. ಪುಂಡಿ ನಾರಿನ ಹಗ್ಗ ಸಿಗಲಿಲ್ಲ, ನೈಲಾನ್ ಹಾಕಿದ್ದಾರೆ. ನನಗೆ ಸೇರಲಿಲ್ಲ, ಆದರೆ ಗಟ್ಟಿ ಇದೆ.

ಅಲ್ಲಿಗೆ 1,740, 200, 350. ಒಟ್ಟು 2,290. ಉಳಿದದ್ದು 12,710. ಗುಜರಿಯಲ್ಲಿ ಒಂದು ವಾಷಿಂಗ್ ಮಷೀನ್ ನೋಡಿಟ್ಟಿದ್ದೇನೆ ಅಂತ ನಿಮ್ಮಪ್ಪ ಎರಡು ದಿನದಿಂದ ನನ್ನ ಸುತ್ತ ತಿರುಗುತ್ತಿದ್ದಾರೆ. ಕೊಟ್ಟಿಲ್ಲ. ದುಡ್ಡು ಗುರೆಳ್ಳಿನ ಡಬ್ಬಿಯಲ್ಲಿದೆ. ನೋವು ಹಗಲಲ್ಲೇ ಬರಬೇಕು ಅಂತೇನಿಲ್ಲ, ನಡುರಾತ್ರಿ ಕಾರಿನವನನ್ನು ಎಬ್ಬಿಸಿದರೆ ಅವನು ಕೇಳಿದ್ದು ಕೊಡಬೇಕು. ಅದರಲ್ಲಿ ಉಳಿತಾಯ ಮಾಡುವುದಿಲ್ಲ.

ಸೀಮಂತದ ಕುಬಸ ಮುಗಿದ ಮೇಲೆ ಜಾಸ್ತಿ ದಿನ ಅಲ್ಲಿ ನಿಲ್ಲಬೇಡ. ಹಂಪಿ ಎಕ್ಸ್‌ಪ್ರೆಸ್ಸಿಗೆ ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಹತ್ತು. ಅಳಿಯಂದಿರು ಜೊತೆಗೆ ಬರಲಿ, ನೀನು ಏನೂ ಹೊರಬೇಡ. ನಿಮ್ಮ ಮನೆಯಲ್ಲಿ ಕೆಟ್ಟಿರುವ ಹಳೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ತಪ್ಪದೆ ತರಬೇಕು ಅಂತ ಬರೆ ಎಂದು ನಿಮ್ಮಪ್ಪ ಇಲ್ಲೇ ನಿಂತು ಹೇಳುತ್ತಿದ್ದಾರೆ. ಬರೆದೆ ಅಂದಿದ್ದೇನೆ. ಅವೆರಡನ್ನೂ ಅಲ್ಲೇ ಯಾರಿಗಾದರೂ ಕೊಟ್ಟು ಬಾ.

ನಿನ್ನ ಅವ್ವ