ಮಗಳಿಗೊಂದು ಪತ್ರ: ಚೆಂಡೆಯ ವಿಷಯದಲ್ಲಿ ಹೇಳದೇ ಉಳಿದದ್ದು

ಶಿರಸಿ ಸೀಮೆ,
ವಿಜಯದಶಮಿಯ ಮರುದಿನ

ಚಿ. ತಂಗಿಗೆ ಅಪ್ಪಯ್ಯನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ಹೊಸ ನಾಯಿಮರಿ ತಂದ ಸುದ್ದಿ ಕೇಳಿ ನೀನು "ಇಷ್ಟು ಬೇಗ ಹೆಂಗೆ ಮನಸ್ಸು ಬಂತು ಅಪ್ಪಯ್ಯ?" ಎಂದು ಕೇಳಿ ಸುಮ್ಮನಾದೆ. ನಾನು ಮಳೆಯ ವಿಷಯ ತೆಗೆದು ಮಾತು ತಪ್ಪಿಸಿದೆ. ಎದುರಿಗೆ ಹೇಳಲು ಬಾಯಿ ಬಾರದ ಸಂಗತಿಯೊಂದು ಹನ್ನೆರಡು ವರ್ಷಗಳಿಂದ ನನ್ನ ಬಳಿ ಉಳಿದುಕೊಂಡಿರುವುದರಿಂದ, ನಿನ್ನ ಪ್ರಶ್ನೆಗೆ ಬರೆದೇ ಉತ್ತರಿಸುವುದು ಮೇಲೆಂದು ಕುಳಿತಿದ್ದೇನೆ.

ನಮ್ಮ ನಾಯಿ ಚೆಂಡೆ ಹೋಗಿ ಐದು ತಿಂಗಳಾಯಿತು. ಮೂತ್ರಪಿಂಡ ಕೈಕೊಟ್ಟ ಮೇಲೆ ಎರಡು ವಾರ ಡ್ರಿಪ್ ಹಾಕಿಸಿದ್ದು, ಕೊನೆಗೆ ವೈದ್ಯರು ಇಂಜೆಕ್ಷನ್ ಕೊಟ್ಟದ್ದು ನಿನಗೆ ಗೊತ್ತಿದೆ. ಅಪ್ಪೆಮಿಡಿ ಮರದ ಬುಡದಲ್ಲಿ ಆಳವಾಗಿ ಗುಂಡಿ ತೋಡಿ, ಹಂದಿ ಕೆದರಬಾರದೆಂದು ಮೇಲೆ ಚಿರೆಕಲ್ಲು ಹೇರಿದ್ದೇನೆ. ಅದಾದ ಮೇಲೆ ಇಡೀ ಮಳೆಗಾಲ ನಿನ್ನ ಆಯಿ ಪ್ರತಿ ಬೆಳಗ್ಗೆ ಕೊನೆಯ ತೆಳ್ಳೇವು ದೋಸೆಯನ್ನು ಚೆಂಡೆಯ ಪಾಲೆಂದು ಎರೆಯುತ್ತಲೇ ಇದ್ದಳು. ಎರೆದ ಮೇಲೆ ನೆನಪಾಗಿ, ಮಾತನಾಡದೆ ಅದನ್ನು ನನ್ನ ಬಾಳೆಗೆ ಹಾಕುತ್ತಿದ್ದಳು. ನಾನೂ ಮಾತನಾಡದೆ ತಿನ್ನುತ್ತಿದ್ದೆ.

ಇನ್ನು ಹೇಳದೇ ಉಳಿದ ಸಂಗತಿ. ಚೆಂಡೆಗೆ ಗುಡುಗೆಂದರೆ ಪ್ರಾಣಭಯವಿತ್ತು. ಏಪ್ರಿಲ್ ತಿಂಗಳ ಮೊದಲ ಅಡ್ಡಮಳೆಗೆ ಆಕಾಶ ಗುಡುಗಿದರೆ ಅವನು ಬಚ್ಚಲೊಲೆಯ ಹಿಂದಿನ ಸಂದಿಗೆ ನುಗ್ಗಿ, ಮೈಯೆಲ್ಲ ಬೂದಿ ಮಾಡಿಕೊಂಡು, ರಾತ್ರಿಯವರೆಗೆ ಹೊರಗೆ ಬರುತ್ತಿರಲಿಲ್ಲ. ನೀನು ಅವನನ್ನು "ಹೇಡಿ ಬೇಟೆನಾಯಿ" ಎಂದು ಕೀಟಲೆ ಮಾಡುತ್ತಿದ್ದೆ. ಮನೆಗೆ ಬಂದವರಿಗೂ ಹಾಗೆಯೇ ಹೇಳಿ ನಗಿಸುತ್ತಿದ್ದೆ. ಅವನು ಹುಟ್ಟಾ ಹೇಡಿಯಾಗಿರಲಿಲ್ಲ, ತಂಗಿ. ನೀನು ಏಳನೆಯ ತರಗತಿಯಲ್ಲಿದ್ದಾಗ, ಅವನಿಗಿನ್ನೂ ಎಂಟು ತಿಂಗಳು ತುಂಬಿರದ ಕಾಲದಲ್ಲಿ, ಒಂದು ಬೆಳಗ್ಗೆ ತೋಟಕ್ಕೆ ಮಂಗಗಳ ಹಿಂಡು ಬಿದ್ದು ಬಾಳೆಗೊನೆಗಳನ್ನು ಹಾಳುಮಾಡುತ್ತಿದ್ದಾಗ, ನಾನು ಬೆಳೆ ರಕ್ಷಣೆಗೆಂದು ಇಟ್ಟುಕೊಂಡಿದ್ದ ಅಜ್ಜನ ಕೋವಿಯನ್ನು ತೆಗೆದುಕೊಂಡು ಓಡಿದೆ. ಚೆಂಡೆ ನನ್ನ ಕಾಲ ಬುಡದಲ್ಲೇ ಇದ್ದ. ಅವನ ತಲೆಯ ಮೇಲಿನಿಂದಲೇ ಆಕಾಶಕ್ಕೆ ಒಂದು ಈಡು ಹೊಡೆದೆ. ಅವನು ಕೂಗಲೂ ಇಲ್ಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ತೋಟದ ನೀರುಗಾಲುವೆಯ, ಆ ಕಾದಿಗೆಯ, ಕೆಸರಿನಲ್ಲಿ ತೆವಳುತ್ತ ಮನೆ ಸೇರಿದ. ಅಂದಿನಿಂದ ಗುಡುಗು, ಗರ್ನಾಲು, ಕೊನೆಗೆ ಕೊನೆಗೌಡ ಮರದಿಂದ ಅಡಿಕೆಗೊನೆ ಇಳಿಸುವಾಗ ಆಗುವ ಸಪ್ಪಳವೂ ಅವನಿಗೆ ಆ ಕೋವಿಯೇ ಆಯಿತು. ಅವನನ್ನು ನೀನು ಹೇಡಿ ಎಂದಾಗಲೆಲ್ಲ ನಾನು ನಕ್ಕು ಸುಮ್ಮನಿದ್ದದ್ದು ನನ್ನ ಎರಡನೆಯ ತಪ್ಪು.

ಅಂಥ ಜಾತಿಯ ನಾಯಿಗೆ ಹಾಗೆ ಮಾಡಬಾರದಿತ್ತೆಂಬುದು ನನಗೆ ತಿಳಿದದ್ದು ತಡವಾಗಿ. ಪಾಯಿಂಟರ್ ಎಂಬ ತಳಿಯನ್ನು ಹಕ್ಕಿಯ ವಾಸನೆ ಹಿಡಿದು, ಅದನ್ನು ಬೆನ್ನಟ್ಟದೆ, ಇದ್ದಲ್ಲಿಯೇ ಮರವಾಗಿ ನಿಂತು ಒಡೆಯನಿಗೆ ತೋರಿಸಲೆಂದೇ ಬೆಳೆಸಿದ್ದಾರೆ. ತೋಳವಾಗಲಿ ಬೇರಾವ ಬೇಟೆಪ್ರಾಣಿಯಾಗಲಿ ಎಗರುವ ಮುನ್ನ ಒಂದು ಕ್ಷಣ ತಡೆದು ನಿಲ್ಲುತ್ತದಲ್ಲ, ಆ ತಡೆಯನ್ನೇ ತಲೆಮಾರುಗಳ ಆಯ್ಕೆಯಿಂದ ನಿಮಿಷಗಟ್ಟಲೆ ಹಿಗ್ಗಿಸಿದ್ದಾರೆ. ಗುಂಡಿನ ಶಬ್ದಕ್ಕೆ ಅಂಥ ಮರಿಯನ್ನು ದೂರದಿಂದ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಬೇಕೇ ಹೊರತು, ಎಂದೂ ತಲೆಯ ಮೇಲಿನಿಂದ ಹೊಡೆಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮಲ್ಲಿ ಕಾಡುಕೋಳಿಯನ್ನಾಗಲಿ ನವಿಲನ್ನಾಗಲಿ ಹೊಡೆಯುವಂತಿಲ್ಲ, ಹೊಡೆಯುವ ಮನಸ್ಸು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆದರೆ ಚೆಂಡೆಗೆ ಕಾಯಿದೆ ಯಾರು ಓದಿ ಹೇಳಬೇಕಿತ್ತು? ಸೊಪ್ಪಿನಬೆಟ್ಟದ ಅಂಚಿನಲ್ಲಿ ಕಾಡುಕೋಳಿ ದರಕು ಕೆದರುವಾಗ, ಕಾದಿಗೆಯಲ್ಲಿ ಹುಂಡುಕೋಳಿ ನಡೆದಾಗ, ಅವನು ಬಾಲವನ್ನು ನೆಟ್ಟಗೆ ಚಾಚಿ ಮುಂಗಾಲೊಂದನ್ನು ಎತ್ತಿ ನಿಲ್ಲುತ್ತಿದ್ದ. ನಾನು ಹಿಂದೆ ನಿಂತು ಕಾಯುತ್ತಿದ್ದೆ. ಹಕ್ಕಿ ತಾನಾಗಿ ಹಾರಿಹೋಗುತ್ತಿತ್ತು. ಅವನು ಒಮ್ಮೆ ನನ್ನ ಮುಖ ನೋಡಿ, ಕಾಲು ಕೆಳಗಿಟ್ಟು, ಮುಂದಕ್ಕೆ ನಡೆಯುತ್ತಿದ್ದ. ನಮ್ಮಿಬ್ಬರ ಬೇಟೆ ಅಷ್ಟೇ.

ಈಗ ಬಂದಿರುವವಳು ಅದೇ ತಳಿಯವಳು. ಚೌತಿ ಕಳೆದು ಎರಡು ವಾರಕ್ಕೆ ಧಾರವಾಡದ ಪರಿಚಯಸ್ಥರೊಬ್ಬರ ಮನೆಯಿಂದ ತಂದೆ. ಈಗ ಹನ್ನೊಂದು ವಾರದ ಮರಿ. ಬಿಳಿ ಮೈ, ಎಡಗಿವಿ ಮತ್ತು ಬೆನ್ನಿನ ಮೇಲೆ ಕೆಂಪಡಿಕೆ ಬಣ್ಣದ ಮಚ್ಚೆ. ಚೆಂಡೆಯ ಹೆಸರನ್ನು ಇವಳಿಗೆ ಇಟ್ಟಿಲ್ಲ, ಇಡುವುದೂ ಇಲ್ಲ. ಅವನ ಬಾಲ ಜಗಲಿಯ ಹಲಗೆಗೆ ಬಡಿಯುವ ಶಬ್ದ ಕೇಳಿ ಆ ಹೆಸರನ್ನು ಇಟ್ಟವಳು ನೀನು. ಇವಳ ಬಾಲಕ್ಕೆ ಅಂಥ ತಾಳವೂ ಇಲ್ಲ. ಸದ್ಯಕ್ಕೆ ನಿನ್ನ ಆಯಿ "ಗೌರಿ" ಎನ್ನುತ್ತಿದ್ದಾಳೆ, ಮರಿಯೂ ಒಪ್ಪಿಕೊಂಡಂತಿದೆ.

ಕಳೆದ ವಾರ ಒಂದು ಬಿದಿರುಗಳಕ್ಕೆ ನೂಲು ಕಟ್ಟಿ, ಅದರ ತುದಿಗೆ ಗದ್ದೆಯಲ್ಲಿ ಬಿದ್ದಿದ್ದ ಬೆಳ್ಳಕ್ಕಿಯ ಗರಿಯೊಂದನ್ನು ಸಿಕ್ಕಿಸಿ ಅಂಗಳದಲ್ಲಿ ಆಡಿಸಿದೆ. ಗೌರಿ ಎರಡು ಸಲ ಹಾರಿ, ಸಿಗದೆ ಮಗುಚಿಬಿದ್ದಳು. ಮೂರನೆಯ ಸಲ ಗರಿ ನೆಲಕ್ಕೆ ತಾಗಿದಾಗ ಹಾರಲಿಲ್ಲ. ಹಾಲುಹೊಟ್ಟೆ ಜೋಲುತ್ತಿದ್ದ ಆ ಪುಟ್ಟ ದೇಹ ಒಮ್ಮೆಲೇ ಬಿಗಿಯಾಗಿ, ಬಲ ಮುಂಗಾಲು ಮಡಚಿಕೊಂಡು ಮೇಲೆದ್ದಿತು; ಮೂಗಿನ ಹೊಳ್ಳೆಗಳು ಮಾತ್ರ ಅಲುಗುತ್ತಿದ್ದವು. ಯಾರೂ ಕಲಿಸಿದ್ದಲ್ಲ. ನಿನ್ನ ಆಯಿ ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟಳು. ಕಾಲು ಕೆಳಗಿಟ್ಟ ಕೂಡಲೇ ಅವಳು ಮತ್ತೆ ಮರಿಯಾಗಿ, ತೊಟ್ಟಿಯ ಬಳಿ ಬಿದ್ದಿದ್ದ ಅಡಿಕೆಹಾಳೆಯೊಂದನ್ನು ಕಚ್ಚಿ ಎಳೆಯತೊಡಗಿದಳು. ಈ ಗರಿಯಾಟವನ್ನು ಇನ್ನೊಮ್ಮೆ ಆಡಿಸಿ ನಿಲ್ಲಿಸಿದ್ದೇನೆ. ಹೆಚ್ಚು ಆಡಿಸಿದರೆ ಮೂಗನ್ನು ಬಿಟ್ಟು ಕಣ್ಣನ್ನೇ ನಂಬುವುದು ಅಭ್ಯಾಸವಾಗುತ್ತದೆಯೆಂದು ನಾಯಿ ಪಳಗಿಸುವವರು ಎಚ್ಚರಿಸುತ್ತಾರೆ.

ಶಬ್ದದ ಪಾಠವನ್ನು ಮಾತ್ರ ಒಂದು ದಿನವೂ ತಪ್ಪಿಸುತ್ತಿಲ್ಲ. ಮರಿ ಹೊಸ ಸಂಗತಿಗಳಿಗೆ ಹೆದರದೆ ಒಗ್ಗಿಕೊಳ್ಳುವ ಕಾಲ ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಮಾತ್ರ ಹೆಚ್ಚು ತೆರೆದಿರುತ್ತದೆಯಂತೆ. ಆದ್ದರಿಂದ ಅವಳು ಜಗಲಿಯಲ್ಲಿ ಉಣ್ಣುತ್ತಿರುವಾಗ ನಿನ್ನ ಆಯಿ ಕೊಟ್ಟಿಗೆಯ ಆಚೆ ತುದಿಯಲ್ಲಿ ನಿಂತು ಹಂಡೆಯ ಮುಚ್ಚಳವನ್ನು ಸೌಟಿನಿಂದ ಬಡಿಯುತ್ತಾಳೆ. ಮರಿ ತಲೆಯೆತ್ತದೆ ಉಂಡರೆ ಮರುದಿನ ನಾಲ್ಕು ಹೆಜ್ಜೆ ಹತ್ತಿರ ಬರುವುದು, ತಿನ್ನುವುದನ್ನು ನಿಲ್ಲಿಸಿದರೆ ಮತ್ತೆ ಹಿಂದಕ್ಕೆ ಹೋಗುವುದು. ಈಗ ಬಚ್ಚಲಮನೆಯ ತನಕ ಬಂದಿದ್ದೇವೆ. ಕಳೆದ ಚುನಾವಣೆಗೆಂದು ಠಾಣೆಯಲ್ಲಿ ಒಪ್ಪಿಸಿದ ಕೋವಿಯನ್ನು ನಾನಿನ್ನೂ ಮರಳಿ ತಂದಿಲ್ಲ.

ಊಟದ ವಿಷಯದಲ್ಲಿ ಮನೆಯಲ್ಲಿ ಸಣ್ಣ ಕ್ರಾಂತಿಯಾಗಿದೆ. ಬೆಳೆಯುವ ಮರಿಗೆ ಬರೀ ಮೊಸರನ್ನ ಸಾಲದೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರಿಂದ, ಮರಿಗಳ ತಿನಿಸಿನ ಜೊತೆಗೆ ದಿನಕ್ಕೊಂದು ಮೊಟ್ಟೆಯೂ ಬಚ್ಚಲೊಲೆಯ ಮೇಲೆ ಬೇಯುತ್ತಿದೆ. ಆ ಪಾತ್ರೆ ಒಳಗೆ ಬಂದು ಬೆರೆಯಬಾರದೆಂದು ನಿನ್ನ ಆಯಿ ಅದರ ಹಿಡಿಕೆಗೆ ಕೆಂಪು ದಾರ ಕಟ್ಟಿದ್ದಾಳೆ. ಮೊಟ್ಟೆ ಸುಲಿಯುವವಳೂ ಅವಳೇ ಎಂಬುದನ್ನು ನೆಂಟರ ಮುಂದೆ ಹೇಳಬೇಡ.

ಮರಿಯ ಮೊದಲ ಲಸಿಕೆ ಧಾರವಾಡದಲ್ಲಿಯೇ ಆಗಿತ್ತು, ಎರಡನೆಯದು ಈ ಸೋಮವಾರ. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ರಸ್ತೆಯ ನಾಯಿಗಳ ಸಹವಾಸವಿಲ್ಲ. ಚಿರತೆಯ ಭಯವಿರುವುದರಿಂದ ಕತ್ತಲಾದ ಮೇಲೆ ಅಂಗಳವೂ ಇಲ್ಲ. ಬೆಟ್ಟಕ್ಕೆ ಹೋಗಿ ಬಂದ ದಿನ ಕಿವಿಯ ಒಳಗೆ, ಬೆರಳಸಂದಿಯಲ್ಲಿ ಉಣ್ಣಿ ಹುಡುಕುತ್ತೇನೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣ್ಣಿಯಿಂದ ಹರಡುವ ಮಂಗನಕಾಯಿಲೆ ನಮ್ಮ ಸಿದ್ದಾಪುರದ ಕಡೆಗೂ ಬಂದು ಜನರನ್ನು ಕಾಡಿರುವಾಗ, ಇದು ನಾಯಿಯೊಬ್ಬಳ ಆರೋಗ್ಯದ ಪ್ರಶ್ನೆ ಮಾತ್ರವಲ್ಲ. ಉಣ್ಣಿಗೆ ಸೀಮೆಎಣ್ಣೆ ಹಚ್ಚು, ತೋಟದ ಔಷಧಿ ಚಿಮುಕಿಸು ಎಂದು ಸಲಹೆ ಕೊಡುವವರಿಗೆ ಇಲ್ಲಿ ಕೊರತೆಯಿಲ್ಲ. ಎರಡೂ ಮರಿಗೆ ವಿಷ. ವೈದ್ಯರು ತೂಕ ನೋಡಿ ಕೊಟ್ಟದ್ದನ್ನಷ್ಟೇ ಹಾಕುತ್ತಿದ್ದೇನೆ.

ಇಷ್ಟು ಬೇಗ ಹೇಗೆ ಮನಸ್ಸು ಬಂತೆಂದು ನೀನು ಕೇಳಿದ್ದಕ್ಕೆ ನೇರವಾಗಿ ಹೇಳುವುದಾದರೆ, ಮನಸ್ಸು ಬರಲಿಲ್ಲ. ನನಗೆ ಅರವತ್ತೆರಡು. ಈ ತಳಿಯ ನಾಯಿ ಹನ್ನೆರಡು, ಹದಿಮೂರು ವರ್ಷ ಬದುಕುತ್ತದೆ. ಇನ್ನೂ ಎರಡು ವರ್ಷ ಕಾದರೆ ಬೆಟ್ಟದ ಏರಿನಲ್ಲಿ ಅದರ ಹಿಂದೆ ನಡೆಯಲು ನನ್ನ ಮಂಡಿ ಒಪ್ಪುವುದಿಲ್ಲ. ಒಂದು ನಾಯಿಯನ್ನಾದರೂ ಹೆದರಿಸದೆ ಬೆಳೆಸಬೇಕೆಂಬ ಆಸೆ ನನಗಿದೆ. ಚೆಂಡೆಗೆ ಅದರಿಂದ ಏನೂ ಸಿಗುವುದಿಲ್ಲವೆಂಬುದೂ ನನಗೆ ಗೊತ್ತು.

ದೀಪಾವಳಿಯ ದೊಡ್ಡಹಬ್ಬಕ್ಕೆ ನೀನು ಬರುವ ಹೊತ್ತಿಗೆ ಅವಳಿಗೆ ಹದಿನಾಲ್ಕು ವಾರ ಆಗಿರುತ್ತದೆ. ಗೋಪೂಜೆಯ ದಿನ ಊರಿನ ಹುಡುಗರು ಗರ್ನಾಲು ಹೊಡೆಯುವಾಗ ಅವಳನ್ನು ನಡುಮನೆಯಲ್ಲಿ ರೇಡಿಯೋ ಹಾಕಿ ಕೂರಿಸಿಕೊಳ್ಳುವ ಕೆಲಸ ನಿನ್ನದು. ಬರುವಾಗ ಒಂದು ಸೀಟಿ ತಾ. ಚೆಂಡೆಯದು ತುಕ್ಕು ಹಿಡಿದು ಒಳಗಿನ ಗುಂಡು ಬಿದ್ದುಹೋಗಿದೆ. ದಣಪೆ ದಾಟಿದ ಕೂಡಲೇ ಮೊದಲಿನ ಹಾಗೆ ಕೂಗಿಕೊಂಡು ಓಡಿ ಬರಬೇಡ. ನಿನ್ನ ವಾಸನೆ ಅವಳಿಗಿನ್ನೂ ಹೊಸದು. ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಸುಮ್ಮನೆ ಕುಳಿತುಕೋ, ಅವಳೇ ಬರುತ್ತಾಳೆ.

ಇಂತಿ,
ನಿನ್ನ ಅಪ್ಪಯ್ಯ